ಗುಡ್ಡ ಕುಸಿದದ್ದೋ, ಕಡಿದದ್ದೋ?

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸುತ್ತದೆ: 'ಗುಡ್ಡ ಕುಸಿದು ಸಂಚಾರ ಸ್ಥಗಿತ.' ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ನನಗೆ ಅದನ್ನು ಓದಿದಾಗಲೆಲ್ಲ ಕಿರಿಕಿರಿ. ಇಲ್ಲಿ ಗುಡ್ಡವೇ ಕರ್ತೃ. ಅದರ ಬುಡ ಕಡಿದವರು ಯಾರೆಂಬುದು ವಾಕ್ಯದಲ್ಲಿ ಇಲ್ಲವೇ ಇಲ್ಲ.

2024ರ ಜುಲೈ ತಿಂಗಳೊಂದನ್ನೇ ನೋಡಿ. ಚತುಷ್ಪಥಕ್ಕಾಗಿ ಗುಡ್ಡ ಕಡಿದ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಬರೆ ಜರಿದು ರಸ್ತೆ ಮುಚ್ಚಿತು. ಯಡಕುಮಾರಿಯ ಬಳಿ ಹಳಿಯಡಿಯ ಮಣ್ಣು ಜಾರಿ ಬೆಂಗಳೂರಿನ ರೈಲು ನಿಂತಿತು. ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಚಹಾದಂಗಡಿಯ ಸಂಸಾರವನ್ನೇ ಬಲಿ ತೆಗೆದುಕೊಂಡಿತು.

ಗುಡ್ಡಕ್ಕೆ ಅದರದೇ ಇಳಿಜಾರಿದೆ. ಮಳೆನೀರು ಒಳಗಿಳಿದು, ಒರತೆಯಾಗಿ ತೋಡು ಸೇರುತ್ತದೆ. ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೀರು ಕುಡಿದು ಭಾರವಾದ ಮಣ್ಣು ಜರಿಯದೆ ಇನ್ನೇನು ಮಾಡೀತು? ನಮ್ಮ ಹಿರಿಯರೂ ಗುಡ್ಡ ಕಡಿದವರೇ. ನೀರಿಗಾಗಿ ಸುರಂಗ ತೋಡಿದರು, ಅಡಿಕೆ ತೋಟಕ್ಕಾಗಿ ಮಟ್ಟ ಮಾಡಿದರು. ಆದರೆ ಹಾರೆ, ಪಿಕ್ಕಾಸಿನ ಕೆಲಸ ನಿಧಾನ. ನೀರು ಎಲ್ಲಿ ಏಳುತ್ತದೆಂದು ನೋಡಿ ಕಣಿ ತೆಗೆಯಲು ಪುರುಸೊತ್ತು ಇರುತ್ತಿತ್ತು. ಯಂತ್ರಕ್ಕೆ ಆ ಪುರುಸೊತ್ತಿಲ್ಲ.

ಆಲೆಟ್ಟಿಯವರಾದ ನಮಗೆ ಇದು ದೂರದ ಸುದ್ದಿಯಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟವರು ಸಂಪಾಜೆ, ಅರಂತೋಡಿನ ಕಡೆಗೇ ಬಂದರು. ಆ ವರ್ಷ ಕೊಡಗಿನಲ್ಲಿ ಮಳೆ ಅತಿಯಾಗಿತ್ತು, ನಿಜ. ಆದರೆ ರಸ್ತೆ, ಮನೆಗಳಿಗಾಗಿ ಇಳಿಜಾರು ಕಡಿದದ್ದೂ ಕುಸಿತಕ್ಕೆ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತು.

ರಸ್ತೆಯೇ ಬೇಡವೆನ್ನಲು ನಾನು ಸಿದ್ಧಳಿಲ್ಲ. ಹೆರಿಗೆ ಕಷ್ಟವಾದವಳಿಗೆ ಮಂಗಳೂರು ಬೇಗ ಸಿಗಬೇಕು. ಬೆಂಗಳೂರಿನ ಮಕ್ಕಳು ಹಬ್ಬಕ್ಕೆ ಊರು ಮುಟ್ಟಬೇಕು. ಆದರೆ ಬೇಸಿಗೆಯಲ್ಲಿ ಅರ್ಧ ಗಂಟೆ ಉಳಿಸಿ, ಮಳೆಗಾಲದಲ್ಲಿ ದಿನಗಟ್ಟಲೆ ಮುಚ್ಚುವ ರಸ್ತೆಯಿಂದ ಉಳಿದದ್ದೇನು? ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಸಿಮೆಂಟು, ಡಾಮರು ಇರುತ್ತವೆ. ಬತ್ತಿದ ಒರತೆ, ಮಣ್ಣು ತುಂಬಿದ ತೋಟ, ಕೆಂಪಾದ ಹೊಳೆ ಇರುವುದಿಲ್ಲ. ಅಕ್ಕಿಗೂ ಉಪ್ಪಿಗೂ ಲೆಕ್ಕ ಬರೆದಿಡುವ ಯಾವ ಹೆಂಗಸೂ ಇಂಥ ಪಟ್ಟಿಯನ್ನು ಒಪ್ಪಲಾರಳು.

ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆಯಲಿ. ಡಾಮರಿಗೆ ಮೊದಲು ನೀರಿನ ದಾರಿಯಾಗಲಿ. ಮಳೆಗಾಲದಲ್ಲಿ ಯಾವ ಗುಡ್ಡದಲ್ಲಿ ಎಲ್ಲಿ ಒರತೆ ಏಳುತ್ತದೆಂದು ಸೊಪ್ಪಿಗೆ ಹೋಗುವ ಹೆಂಗಸರಿಗೆ ಗೊತ್ತಿದೆ. ಅಳತೆಗೆ ಬಂದವರು ಅವರನ್ನೂ ಒಂದು ಮಾತು ಕೇಳಲಿ.