ಹೊಸ್ತಿಲಲ್ಲಿ ಎಡವುವ ಮಕ್ಕಳು

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಗುತ್ತಲೇ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಶಾಲೆಗಳ ಮುಂದೆ ಮಕ್ಕಳ ಭಾವಚಿತ್ರಗಳುಳ್ಳ ಫಲಕಗಳು ಮೇಲೇಳುತ್ತವೆ. 625ಕ್ಕೆ 600 ದಾಟಿದವರು, ಗಣಿತದಲ್ಲಿ ನೂರಕ್ಕೆ ನೂರು ಪಡೆದವರು, ಶಾಲೆಗೆ ಮೊದಲಿಗರು, ಹೀಗೆ ಸಾಲು ಸಾಲು ಮುಖಗಳು. ತಂದೆತಾಯಿಗಳ ಹಿಗ್ಗು ನ್ಯಾಯವಾದುದೇ. ಆದರೆ ಜೂನ್ ತಿಂಗಳಲ್ಲಿ ಅದೇ ಬಡಾವಣೆಗಳ ಪದವಿಪೂರ್ವ ಕಾಲೇಜುಗಳ ಕೊಠಡಿಗಳಲ್ಲಿ ಬೇರೊಂದು ದೃಶ್ಯ ಕಾಣುತ್ತದೆ. ಉಪನ್ಯಾಸಕರು ಬೋರ್ಡಿನ ಮೇಲೆ ಬರೆಯದೆ ಮಾತಿನಲ್ಲೇ ವಿವರಿಸಿದರೆ ಏನನ್ನು ಬರೆದುಕೊಳ್ಳಬೇಕೆಂದು ತಿಳಿಯದೆ ಪಕ್ಕದವರ ಪುಸ್ತಕ ನೋಡುವ ಮಕ್ಕಳು, ಒಂದು ಪುಟ ಓದಿ ನಿಮ್ಮ ಮಾತಿನಲ್ಲಿ ಹೇಳಿ ಎಂದರೆ ತಲೆ ತಗ್ಗಿಸುವ ಮಕ್ಕಳು, "ಇದು ಪರೀಕ್ಷೆಗೆ ಬರುತ್ತದೆಯೇ ಸರ್?" ಎಂಬುದರ ಹೊರತು ಬೇರೆ ಪ್ರಶ್ನೆಯನ್ನೇ ಅರಿಯದ ಮಕ್ಕಳು. ಇವರೆಲ್ಲರೂ ಉತ್ತೀರ್ಣರು. ಇವರು ಸಿದ್ಧರಾಗಿದ್ದಾರೆಯೇ ಎಂಬುದು ಬೇರೆಯದೇ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಅಸಿದ್ಧತೆ ಎಲ್ಲಿ ಹುಟ್ಟುತ್ತದೆ ಎಂಬುದನ್ನರಿಯಲು ನಮ್ಮ ಹತ್ತನೆಯ ತರಗತಿಯ ಮಕ್ಕಳು ಕೊನೆಯ ಮೂರು ತಿಂಗಳು ನಿಜವಾಗಿ ಏನನ್ನು ಓದುತ್ತಾರೆಂದು ನೋಡಬೇಕು. ಅದು ಪಠ್ಯಪುಸ್ತಕವಲ್ಲ. ಅದಕ್ಕೆ 'ಪಾಸಿಂಗ್ ಪ್ಯಾಕೇಜ್' ಎಂದು ಹೆಸರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಅನುಭವಿ ಶಿಕ್ಷಕರೇ ಸಿದ್ಧಪಡಿಸಿ, ನೆರಳಚ್ಚು ಮಾಡಿಸಿ, ಇತ್ತೀಚೆಗೆ ಮೊಬೈಲ್ ಫೋನಿನಲ್ಲೂ ಹಂಚುವ ಕೆಲವೇ ಪುಟಗಳ ಪುಸ್ತಿಕೆ ಇದು. ಕನ್ನಡ ನಾಡಿನ ಯಾವ ಸಾಹಿತ್ಯಕೃತಿಗೂ ದೊರೆಯದಷ್ಟು ಓದುಗರು ಇದಕ್ಕಿದ್ದಾರೆ. ಆದರೂ ಇದನ್ನು ಒಂದು ಕೃತಿಯೆಂದು ಎದುರಿಗಿಟ್ಟುಕೊಂಡು ವಿಮರ್ಶಿಸಿದವರು ಕಡಿಮೆ. ಆ ಕೆಲಸವನ್ನು ಇಲ್ಲಿ ಸ್ವಲ್ಪಮಟ್ಟಿಗಾದರೂ ಮಾಡೋಣ.

ಇದರ ಒಳಗೇನಿದೆ? ಗಣಿತದಲ್ಲಿ ಥೇಲ್ಸ್ ಪ್ರಮೇಯದ ಸಾಧನೆ, ಎರಡು ಚರಾಕ್ಷರಗಳ ಸಮೀಕರಣಗಳ ನಕ್ಷೆ, ಸೂತ್ರಗಳ ಪಟ್ಟಿ. ವಿಜ್ಞಾನದಲ್ಲಿ ಹೃದಯ, ಕಣ್ಣು ಮತ್ತು ಹೂವಿನ ಚಿತ್ರಗಳು. ಸಮಾಜ ವಿಜ್ಞಾನದಲ್ಲಿ ಭಾರತದ ನಕಾಶೆಯಲ್ಲಿ ಗುರುತಿಸಬೇಕಾದ ಸ್ಥಳಗಳು. ಕನ್ನಡದಲ್ಲಿ ಕವಿಪರಿಚಯ, ಕಂಠಪಾಠದ ಪದ್ಯ, ಪತ್ರದ ಮಾದರಿ, ಗಾದೆಯ ವಿಸ್ತರಣೆ. ಇದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಇದರ ಹಿಂದೆ ಕರುಣೆಯಿದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣಳಾದ ಬಡ ಹುಡುಗಿಯೊಬ್ಬಳ ಮುಂದಿನ ದಾರಿ ಗಾರ್ಮೆಂಟ್ಸ್ ಕಾರ್ಖಾನೆ ಅಥವಾ ಅವಸರದ ಮದುವೆ ಎಂಬುದನ್ನು ಬಲ್ಲ ಶಿಕ್ಷಕರು ಅವಳನ್ನು ಹೇಗಾದರೂ ದಡ ಮುಟ್ಟಿಸಬೇಕೆಂದು ಹೆಣಗಿದ್ದಾರೆ. ಆ ಹೆಣಗಾಟವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಆದರೆ ಕೃತಿಯ ದೋಷವೂ ಅಷ್ಟೇ ಸ್ಪಷ್ಟ. ಇದರಲ್ಲಿ 'ಏಕೆ' ಎಂಬ ಪದಕ್ಕೆ ಜಾಗವಿಲ್ಲ. ಪ್ರಮೇಯದ ಸಾಧನೆಯಿದೆ, ಆದರೆ ಸಾಧಿಸಿ ತೋರಿಸುವುದೆಂದರೇನು ಎಂಬ ವಿಚಾರವಿಲ್ಲ. ಹೃದಯದ ಚಿತ್ರವಿದೆ, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ಕಥೆಯಿಲ್ಲ. ಗಾದೆಯ ವಿಸ್ತರಣೆಯನ್ನೇ ನೋಡಿ. ಗಾದೆ ಯಾವುದೇ ಇರಲಿ, ಗಾದೆಗಳು ವೇದಕ್ಕೆ ಸಮಾನವೆಂಬ ಸಿದ್ಧ ಪೀಠಿಕೆಯಿಂದಲೇ ರಾಜ್ಯದ ಲಕ್ಷಾಂತರ ಮಕ್ಕಳು ಆರಂಭಿಸುತ್ತಾರೆ. ಪೀಠಿಕೆಗೆ ಅಂಕವುಂಟೆಂಬ ನಂಬಿಕೆಯೇ ಇದಕ್ಕೆ ಕಾರಣ. ಆ ಮಗುವಿನ ಮನೆಯಲ್ಲಿ ಅಜ್ಜಿ ದಿನಕ್ಕೆ ಹತ್ತು ಗಾದೆಗಳನ್ನು ಸಂದರ್ಭಕ್ಕೆ ತಕ್ಕಂತೆ ಆಡುತ್ತಿರಬಹುದು. ಅದನ್ನು ಬರೆಯಬಹುದೆಂದು ಅದಕ್ಕೆ ಯಾರೂ ಹೇಳಿಲ್ಲ. ಈ ಕೃತಿಯ ಲೇಖಕನ ಕಣ್ಣ ಮುಂದಿರುವವನು ಮೌಲ್ಯಮಾಪಕ. ಮಗು ಅವನಿಗೆ ಉತ್ತರವನ್ನು ತಲುಪಿಸುವ ವಾಹಕ ಮಾತ್ರ. ಮುಳುಗುವವನಿಗೆ ಎಸೆದ ಹಗ್ಗವನ್ನೇ ಈಜುವ ವಿದ್ಯೆಯೆಂದು ನಾವು ತಿಳಿದುಬಿಟ್ಟಿದ್ದೇವೆ. ಹಿಂದುಳಿದ ಮಕ್ಕಳಿಗೆಂದು ಹುಟ್ಟಿದ ಈ ಪುಸ್ತಿಕೆಯ ರೀತಿಯೇ ಮುಂದಿರುವ ಮಕ್ಕಳ ಓದಿನ ರೀತಿಯೂ ಆಗಿದೆ. ಅವರ ಪ್ಯಾಕೇಜು ಇನ್ನಷ್ಟು ದಪ್ಪ, ಅಷ್ಟೇ.

ಅಂಕಗಳಾದರೂ ಸತ್ಯ ಹೇಳುತ್ತವೆಯೇ? ಕೋವಿಡ್ ಕಾಲದ 2021ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನಗಳ ಬಹುಆಯ್ಕೆಯ ಪರೀಕ್ಷೆಯಾಯಿತು. ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾದರು. 2023ರಲ್ಲಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಬಂದಿತು. ಕೃಪಾಂಕದ ಮಿತಿಯನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನು ಹಿಂತೆಗೆದುಕೊಳ್ಳಲಾಯಿತು. 2025ರ ಅಕ್ಟೋಬರಿನಲ್ಲಿ ಉತ್ತೀರ್ಣತೆಯ ಗೆರೆಯನ್ನೇ ಒಟ್ಟು ಶೇ. 33ಕ್ಕೆ, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30ಕ್ಕೆ ಇಳಿಸುವ ನಿರ್ಧಾರ ಹೊರಬಿತ್ತು. ಒಂದೊಂದು ನಿರ್ಧಾರಕ್ಕೂ ಸಮರ್ಥನೆ ಇದ್ದೀತು. ಆದರೆ ಅಳತೆಗೋಲನ್ನೇ ವರ್ಷಕ್ಕೊಮ್ಮೆ ಉದ್ದ ಗಿಡ್ಡ ಮಾಡುತ್ತಾ ಬಟ್ಟೆಯ ಉದ್ದವನ್ನು ಹೇಳಲಾಗದು. ಇಷ್ಟು ಏರಿಳಿತಗಳ ನಡುವೆ ಮಗು ಏನನ್ನು ಕಲಿತಿದೆ ಎಂಬುದು ಮಾತ್ರ ಯಾರ ಚರ್ಚೆಯಲ್ಲೂ ಕೇಳಿಬರಲಿಲ್ಲ.

ಅದಕ್ಕೆ ಉತ್ತರ ಬೇಕಾದರೆ ಬೇರೆ ಕಡೆ ನೋಡಬೇಕು. 'ಅಸರ್' ಸಮೀಕ್ಷೆಯವರು 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿದರು. ತಮ್ಮ ಭಾಷೆಯ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಲಾರದವರು ಸುಮಾರು ಶೇ. 25. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 43.3 ಮಾತ್ರ. ಇದು ಗ್ರಾಮೀಣ ಸಮೀಕ್ಷೆ, ನಿಜ. ಆದರೆ ನಗರದ ಸರ್ಕಾರಿ ಮತ್ತು ಪಾಲಿಕೆಯ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಕೂಲಿ ಅರಸಿ ಹಳ್ಳಿ ಬಿಟ್ಟು ಬಂದ ಕುಟುಂಬಗಳವರು ಅನೇಕರು. ನಮ್ಮ ಬೀದಿಗಳಲ್ಲಿ ಕಟ್ಟಡ ಕಟ್ಟುವವರ, ಹೂ ಮಾರುವವರ, ಮನೆಗೆಲಸದವರ ಮಕ್ಕಳು ಅವರು.

ಇಂಥ ಮಗು ಕಾಲೇಜಿನ ಹೊಸ್ತಿಲು ದಾಟಿದಾಗ ಇನ್ನೊಂದು ಪೆಟ್ಟು ಬೀಳುತ್ತದೆ. ನಿನ್ನೆಯವರೆಗೆ ಸಂವೇಗ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ, ವರ್ಗ ಸಮೀಕರಣ ಎಂದು ಕಲಿತ ಹುಡುಗನಿಗೆ ಇಂದು ಮೊಮೆಂಟಮ್, ಆಕ್ಸಲರೇಷನ್, ಫೋಟೋಸಿಂಥೆಸಿಸ್, ಕ್ವಾಡ್ರಾಟಿಕ್ ಈಕ್ವೇಷನ್ ಎಂಬ ಶಬ್ದಗಳು ಎದುರಾಗುತ್ತವೆ. ಅವನಿಗೆ ವಿಷಯ ಗೊತ್ತಿದ್ದರೂ ವಿಷಯದ ಹೆಸರು ಗೊತ್ತಿಲ್ಲ. ಸಂವೇಗವೇ ಮೊಮೆಂಟಮ್ ಎಂದು ಒಂದು ಮಾತು ಹೇಳುವವರಿದ್ದರೆ ಮುಗಿಯುವ ಕಷ್ಟವು, ಹೇಳುವವರಿಲ್ಲದೆ ದಡ್ಡತನವೆಂಬ ಹಣೆಪಟ್ಟಿಯಾಗುತ್ತದೆ. ಎರಡು ತಿಂಗಳಲ್ಲಿ ಅವನು ಹಿಂದಿನ ಬೆಂಚಿಗೆ ಸರಿಯುತ್ತಾನೆ. ಆಮೇಲೆ ಬರುವುದನ್ನೇ ನಿಲ್ಲಿಸಿದರೂ ಹಾಜರಿ ಪುಸ್ತಕ ಮಾತ್ರ ಅದನ್ನು ಗಮನಿಸುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಸಿದ್ಧರೆಂದು ಭಾವಿಸುವುದೂ ಭ್ರಮೆ. ಅವರಿಗೆ ಹೆಸರು ಗೊತ್ತಿದೆ, ಅನೇಕರಿಗೆ ವಿಷಯ ಗೊತ್ತಿಲ್ಲ. ಫೋಟೋಸಿಂಥೆಸಿಸ್‌ನ ವ್ಯಾಖ್ಯೆಯನ್ನು ಉಸಿರು ಬಿಡದೆ ಒಪ್ಪಿಸುವ ಹುಡುಗಿಗೆ, ಮನೆಯ ಅಂಗಳದ ತುಳಸಿಗಿಡ ಏನನ್ನು ಉಂಡು ಬೆಳೆಯುತ್ತದೆಂದು ತಾಯಿಗೆ ಕನ್ನಡದಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಹೇಳಲು ಬಾರದು. ಒಬ್ಬರಲ್ಲಿ ಅರ್ಥವಿದೆ, ಭಾಷೆಯಿಲ್ಲ. ಇನ್ನೊಬ್ಬರಲ್ಲಿ ಭಾಷೆಯಿದೆ, ಅರ್ಥವಿಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಇವರಿಬ್ಬರೂ ಪರಸ್ಪರ ಕಲಿಸಬಲ್ಲರು. ಆ ಅವಕಾಶವನ್ನು ನಮ್ಮ ವೇಳಾಪಟ್ಟಿ ಅವರಿಗೆ ಕೊಡುವುದಿಲ್ಲ.

ಈ ಸಮಸ್ಯೆ ಹೊಸದೇನೂ ಅಲ್ಲ. 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗವು 1919ರ ತನ್ನ ವರದಿಯಲ್ಲಿ, ಮೆಟ್ರಿಕ್ಯುಲೇಷನ್ ಮುಗಿಸಿದವರು ವಿಶ್ವವಿದ್ಯಾನಿಲಯದ ಓದಿಗೆ ಸಿದ್ಧರಲ್ಲವೆಂದು ಗುರುತಿಸಿ, ಇಂಟರ್‌ಮೀಡಿಯೆಟ್ ಹಂತವನ್ನೇ ಗಡಿಯಾಗಿಸಬೇಕೆಂದು ಹೇಳಿತ್ತು. ಇಂದಿನ ಪಿಯುಸಿ ಆ ವಿಚಾರದ ವಂಶದಲ್ಲೇ ಹುಟ್ಟಿದ್ದು. ಅಂದರೆ ಶಾಲೆಗೂ ಕಾಲೇಜಿಗೂ ನಡುವಣ ಸೇತುವೆಯಾಗಬೇಕಾದುದೇ ಈ ಎರಡು ವರ್ಷಗಳ ಕರ್ತವ್ಯ. ಆದರೆ ಸಿಇಟಿ, ನೀಟ್‌ಗಳ ಓಟದಲ್ಲಿ ಆ ಸೇತುವೆಯೂ ಒಂದು ಓಟದ ಪಥವಾಗಿದೆ. ಹಿಂದೆ ಬಿದ್ದವನಿಗಾಗಿ ಒಂದು ಗಳಿಗೆ ನಿಲ್ಲಲು ಉಪನ್ಯಾಸಕರಿಗೆ ಬಿಡುವಿಲ್ಲ.

ಸೇತುವೆ ಕಟ್ಟಿದವರು ಈ ನಗರದಲ್ಲೇ ಇದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆದರೂ ಕಾಲೇಜಿನ ಅಧ್ಯಾಪಕನೊಬ್ಬ ತನ್ನ ವಿಷಯವನ್ನು ಕಾಲೇಜಿನ ಹೊರಗಿನವರ ಭಾಷೆಯಲ್ಲಿ ಹೇಳುವುದು ತನ್ನ ಕರ್ತವ್ಯವೆಂದು ತಿಳಿದಿದ್ದನೆಂಬುದಕ್ಕೆ ಅದು ಸಾಕ್ಷಿ. 1935ರಲ್ಲಿ ಗೌರಿಬಿದನೂರು ಸೀಮೆಯ ಹೊಸೂರಿನಿಂದ ಬಡ ಹುಡುಗನೊಬ್ಬ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರ ಚಳವಳಿಯಲ್ಲಿ ಸೆರೆಮನೆ ಕಂಡು, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕನಾಗಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರೇ ಆ ಹುಡುಗ. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯು ಪರೀಕ್ಷೆಯ ಹಂಗಿಲ್ಲದೆ ವಿಜ್ಞಾನವನ್ನು ಕೇಳುವ ಅಭ್ಯಾಸವನ್ನು ಬಸವನಗುಡಿಗೆ ಕಲಿಸಿತು.

ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಹೇಳಲು ಈ ಉದಾಹರಣೆಗಳನ್ನು ಕೊಟ್ಟದ್ದಲ್ಲ. ಅಂದು ಪ್ರೌಢಶಾಲೆಯ ಬಾಗಿಲು ತಟ್ಟಿದವರೇ ಕೆಲವರು. ಹಳ್ಳಿಯ ನೂರಾರು ಮಕ್ಕಳಲ್ಲಿ ಒಬ್ಬ ನಡೆದು ಬಂದ. ಉಳಿದವರ ಚರಿತ್ರೆ ನಮಗೆ ತಿಳಿಯದು. ಇಂದು ಎಲ್ಲರೂ ಬರುತ್ತಿದ್ದಾರೆ, ಇದು ನಾಡಿನ ಗೆಲುವು. ಅಸಾಧಾರಣನಾದ ಒಬ್ಬನನ್ನು ಆರಿಸಿಕೊಳ್ಳುತ್ತಿದ್ದ ವ್ಯವಸ್ಥೆಗೆ ಸೇತುವೆ ಬೇಕಿರಲಿಲ್ಲ, ಅಂಥವನು ಈಜಿಯೇ ದಾಟುತ್ತಿದ್ದ. ಸಾಧಾರಣರಾದ ಎಲ್ಲರನ್ನೂ ಕರೆದ ವ್ಯವಸ್ಥೆ ಸೇತುವೆ ಕಟ್ಟದೆ ಇರುವುದು ಕೊಟ್ಟ ಮಾತಿಗೆ ತಪ್ಪಿದಂತೆ.

ಆದುದರಿಂದ "ಶಾಲೆಯವರು ಏನೂ ಕಲಿಸದೆ ಕಳಿಸುತ್ತಾರೆ" ಎಂಬ ಕಾಲೇಜಿನವರ ದೂರನ್ನು ಅರ್ಧ ಮಾತ್ರ ಒಪ್ಪಬಹುದು. ಪ್ರೌಢಶಾಲೆಯವರು ಇದೇ ದೂರನ್ನು ಪ್ರಾಥಮಿಕ ಶಾಲೆಯ ಮೇಲೆ ಹೊರಿಸುತ್ತಾರೆ, ಪ್ರಾಥಮಿಕ ಶಾಲೆಯವರು ಮನೆಯ ಮೇಲೆ. ಕೊನೆಗೆ ಅದು ಬಂದು ನಿಲ್ಲುವುದು ಓದು ಬಾರದ ತಾಯಿಯ ಹೆಗಲ ಮೇಲೆ. ಮಲ್ಲೇಶ್ವರದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿ 6ನೆಯ ಅಡ್ಡರಸ್ತೆಯಲ್ಲಿದೆ. ಪದವಿಪೂರ್ವ ಶಿಕ್ಷಣದ ಕಚೇರಿ ಮತ್ತು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ 18ನೆಯ ಅಡ್ಡರಸ್ತೆಯ ಬಳಿ. ನಡುವೆ ಹನ್ನೆರಡು ಅಡ್ಡರಸ್ತೆಗಳು, ಕಾಲ್ನಡಿಗೆಯ ದೂರ. 2022ರಲ್ಲಿ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳು ಒಂದೇ ಮಂಡಳಿಯ ಅಡಿಗೆ ಬಂದವು. ಪರೀಕ್ಷೆಗಳು ಒಂದಾದವು, ಪಾಠ ಮಾಡುವವರು ಮಾತ್ರ ಇನ್ನೂ ಒಂದಾಗಿಲ್ಲ. ಹತ್ತನೆಯ ತರಗತಿಯ ಗಣಿತದ ಮೇಷ್ಟರೂ ಪ್ರಥಮ ಪಿಯುಸಿಯ ಗಣಿತದ ಉಪನ್ಯಾಸಕರೂ ವರ್ಷಕ್ಕೊಮ್ಮೆ ಒಂದೆಡೆ ಕುಳಿತು, ಈ ಮಗು ನನ್ನಿಂದ ಇಷ್ಟು ಕಲಿತಿದೆ, ನಿಮಗೆ ಇನ್ನೇನು ಬೇಕು ಎಂದು ಮಾತನಾಡಿಕೊಳ್ಳುವುದು ಅಪರೂಪ.

ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿಯೂ ಇದಕ್ಕೊಂದು ಉದಾಹರಣೆ. ಸೋತವನಿಗೆ ಅದೇ ವರ್ಷ ಮತ್ತೆ ಅವಕಾಶ ಕೊಡುವ ಉದ್ದೇಶ ಸ್ತುತ್ಯರ್ಹ. ಆದರೆ ಮರುಯತ್ನದಲ್ಲಿ ಗೆದ್ದು ಬರುವ ಹೊತ್ತಿಗೆ ಕಾಲೇಜಿನಲ್ಲಿ ಪಾಠಗಳು ಮುಂದೆ ಸಾಗಿರುತ್ತವೆ. ಎಲ್ಲರಿಗಿಂತ ಹೆಚ್ಚು ಸಹಾಯ ಬೇಕಾದ ಮಗುವೇ ಎಲ್ಲರಿಗಿಂತ ತಡವಾಗಿ ತರಗತಿಗೆ ಬರುತ್ತದೆ.

ಏನು ಮಾಡಬಹುದು? ದೊಡ್ಡ ಯೋಜನೆಗಳಿಗೆ ಕಾಯಬೇಕಾಗಿಲ್ಲ. ಪ್ರಥಮ ಪಿಯುಸಿಯ ಮೊದಲ ನಾಲ್ಕು ವಾರ ಹೊಸ ಪಾಠವಿಲ್ಲದೆ ಹಳೆಯದನ್ನು ಗಟ್ಟಿ ಮಾಡಲಿ. ತಡವಾಗಿ ಬಂದವರಿಗೆ ಅದೇ ನಾಲ್ಕು ವಾರ ಸಂಜೆಯ ಹೊತ್ತು ಮತ್ತೆ ದೊರೆಯಲಿ. ಪ್ರತಿ ವಿಷಯಕ್ಕೂ ಕನ್ನಡ-ಇಂಗ್ಲಿಷ್ ಪಾರಿಭಾಷಿಕ ಪದಗಳ ಒಂದು ಹಾಳೆಯನ್ನು ಉಪನ್ಯಾಸಕರೇ ಬರೆದು ಕೊಡಲಿ. ವಾರಕ್ಕೊಮ್ಮೆ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಐದು ವಾಕ್ಯ ಸ್ವಂತ ಮಾತಿನಲ್ಲಿ ಬರೆಯುವ ಅಭ್ಯಾಸ ಎಂಟನೆಯ ತರಗತಿಯಿಂದಲೇ ಆರಂಭವಾಗಲಿ. ಅದಕ್ಕೆ ಅಂಕ ಬೇಡ. ಈ ಹಳೆಯ ಬಡಾವಣೆಗಳಲ್ಲಿ ನಿವೃತ್ತ ಅಧ್ಯಾಪಕರಿಗೆ ಕೊರತೆಯಿಲ್ಲ. ಸಂಜೆಯ ಹೊತ್ತು ಖಾಲಿಯಿರುವ ಚರ್ಚಿನ, ಮಠದ, ಸಂಘದ ಕೊಠಡಿಗಳಿಗೂ ಕೊರತೆಯಿಲ್ಲ. ಇವೆರಡನ್ನೂ ಮಕ್ಕಳೊಡನೆ ಜೋಡಿಸುವ ಮನಸ್ಸಿಗೆ ಮಾತ್ರ ಕೊರತೆ.

ಪಾಸಿಂಗ್ ಪ್ಯಾಕೇಜು ಬೇಡವೆಂದು ನಾವು ಹೇಳುವುದಿಲ್ಲ. ಮುಳುಗುವ ಮಗುವಿಗೆ ಹಗ್ಗ ಬೇಕು. ಆದರೆ ಆ ಪುಸ್ತಿಕೆಗೆ ಇನ್ನೊಂದು ಪುಟವನ್ನು ಸೇರಿಸಬೇಕೆಂದು ಅದನ್ನು ಬರೆಯುವ ಶಿಕ್ಷಕರಲ್ಲಿ ನಮ್ಮ ವಿನಂತಿ. ಅದರಲ್ಲಿ ಉತ್ತರಗಳು ಬೇಡ. ಮಗುವೇ ಕೇಳಬೇಕಾದ ಪ್ರಶ್ನೆಗಳಿಗಾಗಿ ಜಾಗ ಬಿಟ್ಟಿರಲಿ. ಆ ಪುಟವನ್ನು ತುಂಬಬಲ್ಲ ಮಗು, ಅದರ ಅಂಕ ಎಷ್ಟೇ ಇರಲಿ, ಕಾಲೇಜಿಗೆ ಸಿದ್ಧವಾಗಿದೆ.