ಮುದ್ರಿತಗಾನದ ವಿಮರ್ಶೆಯಲ್ಲಿ ಮುಕ್ತಕನ್ಯಾಯ

ಕಾವ್ಯವಿಮರ್ಶಕನಿಗೆ ಗ್ರಂಥವು ಕೈಯಲ್ಲಿರುತ್ತದೆ. ಸಂಗೀತವಿಮರ್ಶಕನಿಗೆ ಹಾಡು ಮುಗಿದೊಡನೆ ನೆನಪೊಂದೇ ಉಳಿಯುತ್ತದೆ. ಈ ಕೊರತೆಯನ್ನು ಧ್ವನಿಮುದ್ರಿಕೆಯು ಬಹುಮಟ್ಟಿಗೆ ನೀಗಿತು. ಬೈಲಹೊಂಗಲ ಸೀಮೆಯ ದೊಡವಾಡದ ರಸಿಕನಿಗೆ ಧಾರವಾಡವಾಗಲಿ ಕುಂದಗೋಳವಾಗಲಿ ಬಹುದೂರವಲ್ಲ; ಆದರೂ 1937ರಲ್ಲಿ ದಿವಂಗತರಾದ ಅಬ್ದುಲ್ ಕರೀಂ ಖಾನರ ಗಾಯನವು ಅವನಿಗೆ ಇಂದು ಮುದ್ರಿಕೆಯಿಂದಲ್ಲದೆ ಲಭಿಸದು. ಆದುದರಿಂದ ಮುದ್ರಿಕೆಯು ಯಾವುದಕ್ಕೆ ಪ್ರಮಾಣ, ಯಾವುದಕ್ಕೆ ಅಲ್ಲ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪಾಶ್ಚಾತ್ಯರಲ್ಲಿ ಈ ಬಗೆಯ ವಿಮರ್ಶೆಯು ಚೆನ್ನಾಗಿ ಬೆಳೆದಿದೆ. ಬೀಥೋವನನ ಒಂದೇ ಕೃತಿಯನ್ನು ಟೋಸ್ಕನಿನಿ, ಫುರ್ಟ್‌ವೆಂಗ್ಲರ್ ಎಂಬ ವಾದ್ಯವೃಂದನಾಯಕರು ನಡೆಯಿಸಿದ ಮುದ್ರಿಕೆಗಳನ್ನು ಅವರು ಪಕ್ಕಪಕ್ಕದಲ್ಲಿಟ್ಟು ಕೇಳುತ್ತಾರೆ. ಅಲ್ಲಿ ಬರೆದಿಟ್ಟ ಸ್ವರಲಿಪಿಯೇ ಮೂಲ, ನಾಯಕನು ಭಾಷ್ಯಕಾರ. ಭಾಷ್ಯವು ಮೂಲಕ್ಕೆ ಸಲ್ಲುವುದೋ ಇಲ್ಲವೋ ಎಂದು ಪರೀಕ್ಷಿಸಬಹುದು. ಹಿಂದೂಸ್ಥಾನೀ ಪದ್ಧತಿಯಲ್ಲಿಯಾದರೋ ರಾಗವು ಲಕ್ಷಣಮಾತ್ರ, ಬಂದಿಶು ಬೀಜಮಾತ್ರ. ಗಾಯಕನೇ ಮೂಲಕಾರನು, ಅವನೇ ಭಾಷ್ಯಕಾರನು. ಆದಕಾರಣ ಇಲ್ಲಿ ಪ್ರತಿಯೊಂದು ಗಾಯನದ ಸ್ವಂತ ಘಟನೆಯನ್ನೇ ನೋಡಬೇಕಾಗುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಪಾರ್ಶ್ವದಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷದ ಹಾಡು. ಬೈಠಕಿನಲ್ಲಿ ಒಂದು ಖ್ಯಾಲು ಗಂಟೆಯವರೆಗೂ ಬೆಳೆಯಬಹುದು. ಹೀಗಿರಲು ತಟ್ಟೆಯ ಹಾಡು ತುಂಡಾದ ಖ್ಯಾಲೇ ಹೊರತು ವಿಮರ್ಶೆಗೆ ಯೋಗ್ಯವಾದ ಕೃತಿಯಲ್ಲವೆಂಬುದು ಆ ಪಕ್ಷ. ಇದಕ್ಕೆ ಸಮಾಧಾನವು ಅಲಂಕಾರಶಾಸ್ತ್ರದಲ್ಲಿಯೇ ದೊರೆಯುತ್ತದೆ. ಮುಕ್ತಕವು ಮಹಾಕಾವ್ಯದ ಚೂರಲ್ಲ. ತಾನೇ ಪೂರ್ಣವಾದ ಪ್ರಕಾರ. ಅಮರುಕನ ಒಂದೊಂದು ಮುಕ್ತಕವೂ ರಸಪೂರ್ಣತೆಯಲ್ಲಿ ಪ್ರಬಂಧದಂತಿದೆಯೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಮನ್ನಿಸಿದ್ದಾನೆ. ಖಾನರು ತಟ್ಟೆಗೆ ಹಾಡಿದ ಝಿಂಜೋಟಿಯ ಠುಮರಿಯು ಇಂತಹ ಮುಕ್ತಕ. ಕಾಲವು ಅಲ್ಪವೆಂದು ಅವರು ಅವಸರಿಸುವುದಿಲ್ಲ. ಬಲ್ಲ ತಾನಗಳನ್ನೆಲ್ಲ ತುರುಕುವ ಹವಣೂ ಇಲ್ಲ. ಕೆಲವೇ ಸಂಚಾರಗಳು, ಸ್ವರದ ಮೇಲೆ ನೆಮ್ಮದಿಯ ನಿಲುಗಡೆ. ಅಷ್ಟರಿಂದಲೇ ವಿರಹವು ವ್ಯಂಗ್ಯವಾಗುತ್ತದೆ.

ಆದರೆ ಮುಕ್ತಕದಿಂದ ಮಹಾಕಾವ್ಯದ ಸಂಧಿಗಳನ್ನು ಊಹಿಸಲಾಗದು. ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ (1886–1952) ತಟ್ಟೆಗಳಿಂದ ಅವರ ಸ್ವರನಿಷ್ಠೆಯು ತಿಳಿಯುತ್ತದೆ. ವಿಲಂಬಿತ ಖ್ಯಾಲನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿಸುತ್ತಿದ್ದ ಕ್ರಮವು ತಿಳಿಯದು. ತಟ್ಟೆಯಲ್ಲಿ ವಿಸ್ತಾರ ಕಾಣದೆಂದು ಗಾಯಕನಲ್ಲಿಯೇ ವಿಸ್ತಾರಶಕ್ತಿ ಇರಲಿಲ್ಲವೆನ್ನುವುದು ಅನ್ಯಾಯ.

ಇನ್ನೊಂದು ಎಚ್ಚರಿಕೆಯು ಕಾಲನಿರ್ಣಯಕ್ಕೆ ಸಂಬಂಧಪಟ್ಟುದು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ (1913–2009) ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಟವು. ಅವುಗಳಲ್ಲಿರುವುದು ಎತ್ತರದ, ತೆಳುವಾದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಆ ಕಂಠವು ಗಂಭೀರವಾಯಿತು. ಲೋಕವು ಕೊಂಡಾಡಿದುದು ಆ ಗಾಂಭೀರ್ಯವನ್ನೇ. ಈ ಸಂಗತಿಯನ್ನರಿಯದೆ ಕೇಳಿದವನು ಇಬ್ಬರು ಗಾಯಕಿಯರೆಂದು ಭ್ರಮಿಸುವುದು ಸಹಜ. ಶಾರೀರವು ಬೇರೆ, ಶೈಲಿಯು ಬೇರೆ. ಮೊದಲನೆಯದು ದೇಹದ ಪಾಡು, ಎರಡನೆಯದು ಗುರುವಿನಿಂದ ಬಂದು ಸಾಧನೆಯಿಂದ ಬಲಿತದ್ದು. ತಾಳೆಯೋಲೆಯ ಕಾಲವನ್ನು ಗೊತ್ತುಪಡಿಸದೆ ಪಾಠವನ್ನು ನಿರ್ಣಯಿಸದ ಪಂಡಿತನು ಮುದ್ರಿಕೆಯ ವಿಷಯದಲ್ಲಿಯೂ ಅದೇ ಶಿಸ್ತನ್ನು ಪಾಲಿಸಬೇಕು.

ಆಮೇಲೆ ಬಂದ ದೀರ್ಘಮುದ್ರಿಕೆಗಳು ಹಳೆಯ ತಟ್ಟೆಗಳನ್ನು ನಿರರ್ಥಕಗೊಳಿಸಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ದೀರ್ಘಮುದ್ರಿಕೆಗಳನ್ನು ಕೇಳಿದವನಿಗೆ ರಾಗವು ಹೇಗೆ ಅರಳುವುದೆಂಬುದು ತಿಳಿಯುತ್ತದೆ. ಖಾನರ ಮೂರು ನಿಮಿಷಗಳಿಂದ, ಯಾವುದನ್ನು ಬಿಟ್ಟರೂ ರಾಗವು ಉಳಿಯುವುದೆಂಬುದು ತಿಳಿಯುತ್ತದೆ. ಮೇಘದೂತವನ್ನೂ ಅಮರುಶತಕವನ್ನೂ ಒಂದೇ ಅಳತೆಗೋಲಿನಿಂದ ಅಳೆಯದ ಅಧ್ಯಾಪಕರು ಸಂಗೀತದಲ್ಲಿಯೂ ಈ ವಿವೇಕವನ್ನು ಕಾಯ್ದುಕೊಳ್ಳುವುದು ಯುಕ್ತ.