ನಮ್ಮ ಚೆಟ್ರಿ, ಅವರ ಚೆಟ್ರಿ

ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾರತದ ಫುಟ್‌ಬಾಲನ್ನು ಕೂತು ನೋಡುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು. ಮಕ್ಕಳೆಲ್ಲ ಬಾರ್ಸಿಲೋನಾ ಅಂಗಿಯವರು. ಊರಿಗೆ ಹೆಸರು ತಂದ ಕ್ರೀಡಾಂಗಣವೂ ಕ್ರಿಕೆಟ್ಟಿನದು. 2024ರ ಸೆಪ್ಟೆಂಬರಿನಲ್ಲಿ ಅಫ್ಗಾನಿಸ್ತಾನ-ನ್ಯೂಜಿಲೆಂಡ್ ಟೆಸ್ಟು ಒಂದೇ ಒಂದು ಚೆಂಡು ಬೀಳದೆ ಐದು ದಿನ ಒದ್ದೆಯಾಗಿ ಮುಗಿದದ್ದು ಅಲ್ಲೇ. ಇಂಥ ಕಡೆ ಕೂತು ನಾನು ‘ನಮ್ಮ ಚೆಟ್ರಿ’ ಅಂದರೆ ಮೇಷ್ಟ್ರು ಬಿಡುವುದಿಲ್ಲ: “ಅರೇ ಭಾಯಿ, ವೋ ತೋ ದಿಲ್ಲಿ ಕಾ ಲಡ್ಕಾ ಹೈ!”

ಅವರ ಮಾತಲ್ಲಿ ಸುಳ್ಳೇನಿಲ್ಲ. ಸುನಿಲ್ ಚೆಟ್ರಿ 1984ರಲ್ಲಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿದ್ದವರು, ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ದಿಲ್ಲಿಯ ಸಿಟಿ ಕ್ಲಬ್‌ನಲ್ಲಿ ಆಡುತ್ತಿದ್ದ ಹುಡುಗನನ್ನು 2002ರಲ್ಲಿ ಮೋಹನ್ ಬಾಗಾನ್ ಕೋಲ್ಕತ್ತಕ್ಕೆ ಎತ್ತಿಕೊಂಡು ಹೋಯಿತು. ಬೆಂಗಳೂರು ಸಿಕ್ಕಿದ್ದು 2013ರಲ್ಲಿ, ಅಂದರೆ ವಯಸ್ಸು ಇಪ್ಪತ್ತೊಂಬತ್ತರ ಹತ್ತಿರ ಬಂದಾಗ. ಅಷ್ಟರಲ್ಲಿ ಅವರು ಊರೂರು ಸುತ್ತಿ ಆಗಿತ್ತು.

ಯಾರವನು ಅನ್ನೋ ಜಗಳ ಒತ್ತಟ್ಟಿಗಿರಲಿ, ಆಟದ ಮಾತಿಗೆ ಬರೋಣ. ಹೊಗಳುವವರೆಲ್ಲ ಒಂದು ಅಂಕಿ ಹೇಳುತ್ತಾರೆ: ದೇಶಕ್ಕೆ 95 ಗೋಲು. ಆಮೇಲೆ ಆ ಅಂಕಿಯನ್ನು ಹೊತ್ತುಕೊಂಡು ಹೋಗಿ ರೊನಾಲ್ಡೊ, ಮೆಸ್ಸಿ ಪಕ್ಕದಲ್ಲಿ ಕೂರಿಸುತ್ತಾರೆ. ನನಗೆ ಇದು ಒಗ್ಗುವುದಿಲ್ಲ. ಅದರಲ್ಲಿ ಎಷ್ಟೋ ಗೋಲುಗಳು ನೇಪಾಳ, ಮಾಲ್ಡೀವ್ಸ್, ಪಾಕಿಸ್ತಾನದಂಥ ನೆರೆಹೊರೆಯವರ ಮೇಲೆ ಬಂದವು. ಪೆನಾಲ್ಟಿಗಳೂ ಕಡಿಮೆ ಇಲ್ಲ. ಚೆಟ್ರಿಯ ದೊಡ್ಡತನ ಇರುವುದು ಗೋಲಿನ ಲೆಕ್ಕದಲ್ಲಲ್ಲ, ಗೋಲಿಗಿಂತ ಎರಡು ಕ್ಷಣ ಮೊದಲು ಅವರು ಮಾಡುವ ಕೆಲಸದಲ್ಲಿ.

ನಮ್ಮೂರ ಬಸ್‌ಸ್ಟ್ಯಾಂಡು ನೆನಪು ಮಾಡಿಕೊಳ್ಳಿ. ಬಸ್ಸು ಇನ್ನೂ ನಿಂತೇ ಇಲ್ಲ, ಜನ ಬಾಗಿಲಲ್ಲಿ ಗುದ್ದಾಡುತ್ತಿರುತ್ತಾರೆ. ಒಬ್ಬ ಮಾತ್ರ ಹಿಂದಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದುಬಿಟ್ಟಿರುತ್ತಾನೆ. ಚೆಟ್ರಿ ಆ ಟವೆಲಿನ ಗಿರಾಕಿ. ಅವರಿಗೆ ಭಾರೀ ವೇಗವಿಲ್ಲ, ನಾಲ್ಕು ಜನರನ್ನು ದಾಟಿಸಿಕೊಂಡು ಹೋಗುವ ಚಮತ್ಕಾರವಿಲ್ಲ, ಎತ್ತರ ಐದಡಿ ಏಳಿಂಚಿನ ಆಸುಪಾಸು. ಆದರೂ ತಲೆಯಲ್ಲಿ ಹೊಡೆದ ಗೋಲುಗಳನ್ನು ನೋಡಿ. 2018ರ ಮಾರ್ಚಿನಲ್ಲಿ ಕಂಠೀರವದಲ್ಲಿ ಐಎಸ್‌ಎಲ್ ಫೈನಲ್; ಉದಾಂತ ಸಿಂಗ್ ಬಲಗಡೆಯಿಂದ ಚೆಂಡು ಕಳಿಸಿದಾಗ ಚೆನ್ನೈಯಿನ್ ರಕ್ಷಕರು ಚೆಂಡನ್ನೇ ನೋಡುತ್ತಿದ್ದರು, ಚೆಟ್ರಿ ಚೆಂಡು ಬೀಳುವ ಜಾಗಕ್ಕೆ ಆಗಲೇ ಹಾರಿದ್ದರು. (ಆ ಪಂದ್ಯ ನಾವು 3-2ರಲ್ಲಿ ಸೋತೆವು, ಅದು ಬೇರೆ ಸಂಕಟ.) ಏಳು ವರ್ಷದ ಮೇಲೆ, 2025ರ ಏಪ್ರಿಲ್‌ನಲ್ಲಿ, ಗೋವಾದ ಮೇಲೆ ಸೆಮಿಫೈನಲ್ಲಿನ ಕೊನೆಯ ನಿಮಿಷಗಳಲ್ಲಿ ಹೆಚ್ಚುಕಮ್ಮಿ ಅದೇ ಗೋಲು. ನಲವತ್ತು ದಾಟಿದ ಮನುಷ್ಯ! ಕಾಲು ನಿಧಾನವಾದ ಮೇಲೂ ಜಾಗ ಹಿಡಿಯುವ ವಿದ್ಯೆ ಸವೆದಿರಲಿಲ್ಲ. ಎಡಬದಿಯಿಂದ ಒಳಗೆ ನುಗ್ಗಿ ಬಲಗಾಲಲ್ಲಿ ಬಾರಿಸುತ್ತಿದ್ದ ಹಳೆಯ ಚೆಟ್ರಿ, ವಯಸ್ಸಾದಂತೆ ಓಟ ಕಡಿಮೆ ಮಾಡಿ ಗೋಲಿನ ಬಾಯಿಗೆ ಹತ್ತಿರ ಸರಿದರು. ಆ ಋತುವಿನಲ್ಲಿ 14 ಗೋಲು. ಭಾರತೀಯರಲ್ಲಿ ಅವರೇ ಮೊದಲಿಗರು.

ಇದೇ ಚುರುಕು 2023ರ ಮಾರ್ಚ್ 3ರಂದು ದೊಡ್ಡ ಗಲಾಟೆಯನ್ನೂ ಎಬ್ಬಿಸಿತು. ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಹೊಡೆದು ಮುಗಿಸಿದರು. ಎದುರಾಳಿಗಳು ಸಿಟ್ಟಾಗಿ ಮೈದಾನ ಬಿಟ್ಟು ಹೊರಟೇಹೋದರು. ಮೋಸ ಅಂದವರಿದ್ದಾರೆ. ನನಗೇನೋ ಅದು ಅವರ ಆಟದ ಶುದ್ಧ ಸಾರದ ಹಾಗೇ ಕಂಡಿತು.

ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಆ ವಾರ ಊರಿನಿಂದ ನನಗೆ ಬಂದ ಫೋನುಗಳೆಲ್ಲ “ನಮ್ಮ ಚೆಟ್ರಿ ಹೊಡ್ದ ನೋಡಿದ್ಯಾ” ಅನ್ನುವವೇ. ರಿಯಾದ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ, ಮತ್ತು ಅದು ಚೆಟ್ರಿಯ ಮೇಲಲ್ಲ. ಒಬ್ಬ ಆಟಗಾರನನ್ನು ಇಷ್ಟು ಪ್ರೀತಿಸಿದರೆ ಉಳಿದವರು ಕಾಣದೆ ಹೋಗುತ್ತಾರೆ. ದೇಶದ ತಂಡಕ್ಕೂ ಆದದ್ದು ಇದೇ. 2005ರಲ್ಲಿ ಕ್ವೆಟ್ಟಾದಲ್ಲಿ ಮೊದಲ ಗೋಲು ಬಂದ ಮೇಲೆ ಎರಡು ದಶಕ ‘ಅವನಿದ್ದಾನಲ್ಲ’ ಅಂತಲೇ ಕಳೆದೆವು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ಜೊತೆ ಗೋಲಿಲ್ಲದ ಪಂದ್ಯ ಆಡಿ ಅತ್ತು ಬೀಳ್ಕೊಂಡವರನ್ನು ವರ್ಷ ತುಂಬುವ ಮೊದಲೇ ವಾಪಸು ಕರೆಸಬೇಕಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಒಂದು ಗೋಲನ್ನೂ ಕೊಟ್ಟರು. ಆದರೆ ಏಷ್ಯನ್ ಕಪ್ ಅರ್ಹತೆ ಮಾತ್ರ ದಕ್ಕಲಿಲ್ಲ. ಅದು ನಲವತ್ತರ ಹೆಗಲು ಹೊರುವ ಭಾರವೂ ಆಗಿರಲಿಲ್ಲ ಬಿಡಿ.

ದಿಲ್ಲಿಯ ಕಥೆ ಇನ್ನೊಂದು ಬಗೆ. ಅಕ್ವಾ ಲೈನ್ ಹಿಡಿದು ಸೆಕ್ಟರ್ 51ರಲ್ಲಿ ಇಳಿದು, ನಡೆದು ಬ್ಲೂ ಲೈನ್ ಹತ್ತಿ, ಮಂಡಿ ಹೌಸ್‌ನಲ್ಲಿ ಮತ್ತೆ ಬದಲಿಸಿ ದಿಲ್ಲಿ ಗೇಟ್‌ಗೆ ಹೋದರೆ ಅಂಬೇಡ್ಕರ್ ಸ್ಟೇಡಿಯಂ. 2008ರ ಆಗಸ್ಟ್ 13ರಂದು ಇಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್. ತಜಿಕಿಸ್ತಾನದ ಮೇಲೆ 4-1, ಅದರಲ್ಲಿ ಮೂರು ಚೆಟ್ರಿಯವು. ಆ ಗೆಲುವಿನಿಂದ ಭಾರತ 2011ರ ಏಷ್ಯನ್ ಕಪ್‌ಗೆ ಹೋಯಿತು. ಮರುವರ್ಷ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ತಯಾರಿತ್ತು. ಭಾರತ ವಿಶ್ವ ಶ್ರೇಯಾಂಕದ ಮೊದಲ ಎಪ್ಪತ್ತರಲ್ಲಿ ಇಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ. ತನ್ನ ಕಾಲಿನ ತಪ್ಪೇನೂ ಇಲ್ಲದೆ, ಪಾಸ್‌ಪೋರ್ಟಿನ ಊರಿಂದಾಗಿ ಬಾಗಿಲು ಮುಚ್ಚಿದ್ದು ಅದು. ಆಮೇಲೆ ಕಾನ್ಸಾಸ್ ಸಿಟಿ, ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ. ಎರಡೂ ಕಡೆ ಬೆಂಚೇ ಗತಿ. ಹೊರದೇಶದಲ್ಲಿ ಸೋತವನು ಅಂತ ಟೀಕಿಸುವವರು ಎಷ್ಟು ನಿಮಿಷ ಆಡಲು ಬಿಟ್ಟರು ಅನ್ನೋದನ್ನೂ ಲೆಕ್ಕ ಹಾಕಬೇಕು.

ಪರವೂರಿನವನೊಬ್ಬನಿಗೆ ಬೆಂಗಳೂರು ಕೊಟ್ಟ ಪ್ರೀತಿ ಸಣ್ಣದಲ್ಲ. ಹೊರಗೆ ಬಾಳುವ ನನಗೆ ಅದರ ಬೆಲೆ ಗೊತ್ತು. ಹನ್ನೆರಡು ವರ್ಷ ಕಳೆದರೂ ಇಲ್ಲಿ ನನ್ನನ್ನು ‘ಮದ್ರಾಸಿ’ ಅನ್ನುವುದು ನಿಂತಿಲ್ಲ. ಆದರೆ ಊರಿನವರೇ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಎಸ್. ರಾಮನ್ ನಮ್ಮ ಮೈಸೂರು ತಂಡದವರು. ಆ ಹೆಸರು ಎಷ್ಟು ಜನಕ್ಕೆ ಗೊತ್ತು? 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದವನು ವಿನೀತ್ ವೆಂಕಟೇಶ್, ಬೆಂಗಳೂರಿನದೇ ಹುಡುಗ, ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದವನು. ಆ ರಾತ್ರಿ ನಾನೇ ಊರಿಗೆ ಫೋನ್ ಮಾಡಿದೆ. “ಹೌದಾ, ಯಾರದು?” ಅಂದ ಗೆಳೆಯ, “ಚೆಟ್ರಿ ಆಡಿದ್ನಾ?”